ಪ್ಲಾಂಕ್ ಎಂಬ ಸದ್ದು

1980ರಲ್ಲಿ ಶುರುವಾದ ಯೂಸ್‌ನೆಟ್ ಎಂಬ ಕಂಪ್ಯೂಟರ್ ಚರ್ಚಾಜಾಲದ ಬಹುಪಾಲು ಚರ್ಚಾಕೂಟಗಳಿಗೆ ಯಜಮಾನನಿರಲಿಲ್ಲ. ಬೈಗುಳ ಬರೆದವನನ್ನು ಹೊರದಬ್ಬುವವರೂ ಇರಲಿಲ್ಲ. 1984ರಲ್ಲಿ ಲ್ಯಾರಿ ವಾಲ್ ಹೊರತಂದ, ಯೂಸ್‌ನೆಟ್ ಓದುವ 'ಆರ್‌ಎನ್' ತಂತ್ರಾಂಶ ಓದುಗನ ಕೈಗೇ ಕಿಲ್‌ಫೈಲ್ ಎಂಬ ಪಟ್ಟಿ ಕೊಟ್ಟಿತು. ಅದಕ್ಕೆ ಸೇರಿಸಿದ್ದು ಅವನ ಕಣ್ಣಿಗೆ ಬೀಳದು, ಉಳಿದವರಿಗೆ ಎಂದಿನಂತೆ ಕಾಣುತ್ತದೆ. ಸದ್ದಿಲ್ಲದೆ ಮುಗಿಯಬಹುದಾದ ಕೆಲಸ. ಆದರೆ ಜನ ಸುಮ್ಮನಿರಲಿಲ್ಲ. ಒಬ್ಬನನ್ನು ಪಟ್ಟಿಗೆ ಸೇರಿಸುವಾಗ ಎಲ್ಲರೆದುರು 'ಪ್ಲಾಂಕ್' ಎಂದು ಬರೆಯತೊಡಗಿದರು. ಅವನು ಡಬ್ಬಿಯ ತಳಕ್ಕೆ ಬಿದ್ದ ಸದ್ದಂತೆ ಅದು. (ಮಕ್ಕಳು ಟೂ ಬಿಡುವುದೂ ಹೀಗೆಯೇ, ಎದುರಿಗೆ ನಿಂತು ಹೇಳಿ.) ಬ್ಲಾಕ್ ಮಾಡಿದ್ದರಿಂದಲ್ಲ, ಅದನ್ನು ಸಾರಿದ್ದರಿಂದ ಜಗಳ ಬೆಳೆಯುತ್ತದೆ ಎಂಬುದು ನನ್ನ ವಾದ. ಕಾಮೆಂಟುಗಳಿಗೆ ಹಾಕುವ ವೋಟಿನ ಚರಿತ್ರೆಯೂ ಅದನ್ನೇ ಹೇಳುತ್ತದೆ.

1997ರಲ್ಲಿ ರಾಬ್ ಮಾಲ್ಡಾ ಶುರುಮಾಡಿದ ಸುದ್ದಿ-ಚರ್ಚೆಯ ತಾಣ ಸ್ಲಾಶ್‌ಡಾಟ್ ವೋಟನ್ನು ರೇಷನ್ ಅಕ್ಕಿಯಂತೆ ಅಳೆದು ಹಂಚಿತು. ಆಯ್ದ ಓದುಗರಿಗೆ 5 ಅಂಕ, ಬಳಸಲು 3 ದಿನದ ಗಡುವು. ಯಾವ ಚರ್ಚೆಯಲ್ಲಿ ನೀವು ಮಾತಾಡಿದ್ದೀರೋ ಅಲ್ಲಿ ಅಂಕ ಹಾಕುವಂತಿಲ್ಲ. ಅಂಕದ ಜತೆ ಕಾರಣವನ್ನೂ ಆರಿಸಬೇಕು: ತಮಾಷೆಯೋ, ಒಳನೋಟವೋ, ಕೆಣಕುವ ಮಾತೋ. ಕೈಯಲ್ಲಿ ಐದೇ ಇದ್ದಾಗ ಸಿಟ್ಟಿಗೆ ಖರ್ಚುಮಾಡಲು ಮನಸ್ಸು ಹಿಂಜರಿಯುತ್ತದೆ. 2005ರಲ್ಲಿ ಬಂದ ರೆಡಿಟ್ ಈ ಕಟ್ಟುಗಳನ್ನು ಬಿಚ್ಚಿ ವೋಟನ್ನು ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟಿತು. ಬಿಟ್ಟಿ ತಿರಸ್ಕಾರ ಏನು ಮಾಡುತ್ತದೆ? 2014ರಲ್ಲಿ ಜಸ್ಟಿನ್ ಚೆಂಗ್ ಮತ್ತು ಸಂಗಡಿಗರು ನಾಲ್ಕು ಸುದ್ದಿತಾಣಗಳ ಕಾಮೆಂಟ್‌ಗಳನ್ನು ಜಾಲಾಡಿದರು. ಡೌನ್‌ವೋಟ್ ತಿಂದವರು ಬಾಯಿ ಮುಚ್ಚಲಿಲ್ಲ; ಇನ್ನೂ ಹೆಚ್ಚು, ಇನ್ನೂ ಕಳಪೆಯಾಗಿ ಬರೆದರು, ಬೇರೆಯವರಿಗೂ ಡೌನ್‌ವೋಟ್ ಹಾಕಿದರು. ಜಾಗ ಖಾಲಿ ಮಾಡುವ ಸಂಭವ ಹೆಚ್ಚಿದ್ದದ್ದು ಯಾರೂ ತಿರುಗಿ ನೋಡದವರಲ್ಲಿ.

ಹಾಗಾದರೆ ಕಸ ಗುಡಿಸುವುದು ಹೇಗೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. 2008ರ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ ಡೌನ್‌ವೋಟನ್ನು ತೆಗೆಯಲಿಲ್ಲ, ಅದಕ್ಕೆ ಬೆಲೆ ಕಟ್ಟಿತು: ಒಂದು ಉತ್ತರವನ್ನು ತಳ್ಳಿದರೆ ಬರೆದವನಿಗೆ 2 ಅಂಕ ನಷ್ಟ, ತಳ್ಳಿದವನಿಗೂ 1. ಅಲ್ಲಿ ಹೊಸಬರಿಗೆ ಸಿಕ್ಕ ಒರಟು ಸ್ವಾಗತ ತಪ್ಪಲಿಲ್ಲ, ನಿಜ. ಆದರೆ ಆ ಒರಟುತನ ಬಟನ್ನಿನಲ್ಲಷ್ಟೇ ಅಲ್ಲ, ಮಾತಿನಲ್ಲೂ ಇತ್ತು. ಬ್ಲಾಕಿನ ಮೇಲಿರುವ ಆಕ್ಷೇಪ ಇನ್ನೂ ಗಟ್ಟಿ: ನಾನು ಕಣ್ಣು ಮುಚ್ಚಿಕೊಂಡರೆ ನನ್ನ ಬೆನ್ನ ಹಿಂದೆ ಬೈಯುವುದೇನೂ ನಿಲ್ಲದು. ಒಪ್ಪಲೇಬೇಕು. ಬ್ಲಾಕ್ ಒಬ್ಬನ ನೆಮ್ಮದಿ ಕಾಯುತ್ತದೆ, ಕೂಟವನ್ನಲ್ಲ. ಕೂಟಕ್ಕೆ ಮಾಡರೇಟರ್ ಬೇಕೇ ಬೇಕು. ತಿರಸ್ಕಾರವನ್ನು ಸಾರುವ ವಿಷಯದಲ್ಲಿ ಯೂಟ್ಯೂಬ್ 2021ರ ನವೆಂಬರಿನಲ್ಲಿ ನಡುದಾರಿ ಹಿಡಿಯಿತು. ಡಿಸ್‌ಲೈಕ್ ಬಟನ್ ಉಳಿಯಿತು, ಲೆಕ್ಕ ಮಾತ್ರ ವಿಡಿಯೊ ಹಾಕಿದವರ ಕಣ್ಣಿಗಷ್ಟೇ. ಕೆಟ್ಟ ರಿಪೇರಿ ವಿಡಿಯೊ ಯಾವುದೆಂದು ಇನ್ನು ಗೊತ್ತಾಗುವುದು ಹೇಗೆ ಎಂದು ನೋಡುಗರು ಗೊಣಗಿದರು.