ಯಂತ್ರ ಉಳಿಯಿತು, ಮಾಸ್ತರು ಹೋದರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಡಿಗ್ರಿ ಮುಗಿಸಿ ಸರ್ಕಾರಿ ಶಾಲೆಯಲ್ಲಿ ಕಂಪ್ಯೂಟರ್ ಶಿಕ್ಷಕರಾಗಬೇಕು ಎನ್ನುವವರು ಹಿಂದಿನ ಈ ಕಥೆ ತಿಳಿದಿರಬೇಕು.

1984ರಲ್ಲಿ ಕೇಂದ್ರದ ‘ಕ್ಲಾಸ್’ ಯೋಜನೆ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಕೊಟ್ಟಿತು. 2001ರಲ್ಲಿ ಶುರುವಾದ ರಾಜ್ಯದ ‘ಮಾಹಿತಿ ಸಿಂಧು’ 1000 ಸರ್ಕಾರಿ ಪ್ರೌಢಶಾಲೆಗಳನ್ನು ಮುಟ್ಟಿತು. ಯಂತ್ರವೂ ಬೋಧಕರೂ ಖಾಸಗಿ ಕಂಪನಿಗಳದ್ದೇ. ನಂತರದ ‘ಐಸಿಟಿ’ ಯೋಜನೆಯಲ್ಲೂ ಗುತ್ತಿಗೆ ಐದು ವರ್ಷದ್ದು. ಅವಧಿ ಮುಗಿದಾಗ ಯಂತ್ರ ಶಾಲೆಗೆ ಸೇರಿತು. ಬೋಧಕರ ಕೆಲಸ ಹೋಯಿತು.

2016ರ ‘ಟಾಲ್ಪ್’ ದಾರಿ ಬದಲಿಸಿತು. ಕಂಪ್ಯೂಟರ್ ಬಳಸಿ ಪಾಠ ಮಾಡಲು ಗಣಿತ, ವಿಜ್ಞಾನದಂಥ ವಿಷಯಗಳ ಶಿಕ್ಷಕರಿಗೇ ತರಬೇತಿ ಕೊಟ್ಟಿತು.

ಆದ್ದರಿಂದ ಸೇರುವ ಮುನ್ನ ಕೇಳಿ: ಸಂಬಳ ಕೊಡುವುದು ಇಲಾಖೆಯೋ, ಏಜೆನ್ಸಿಯೋ? ಕರಾರು ಎಷ್ಟು ವರ್ಷ? ಕಂಪ್ಯೂಟರ್ ಜೊತೆ ಬಿ.ಎಡ್. ಮಾಡಿ, ಒಂದು ವಿಷಯವನ್ನೂ ಗಟ್ಟಿ ಹಿಡಿಯಿರಿ.