‘ಪೋರಸ್’ ಶಬ್ದದ ಅರ್ಥಪರಿಣಾಮ

ಸೂಕ್ಷ್ಮವಾದ ತೂತುಗಳುಳ್ಳ ಪದಾರ್ಥವನ್ನು ಇಂಗ್ಲಿಷಿನಲ್ಲಿ ‘ಪೋರಸ್’ ಎಂದೂ ಕನ್ನಡದ ಶಾಸ್ತ್ರಗ್ರಂಥಗಳಲ್ಲಿ ‘ಸರಂಧ್ರ’ವೆಂದೂ ಕರೆಯುವುದು ವಾಡಿಕೆಯಾಗಿದೆ. ನೀರನ್ನು ತನ್ನ ಮೂಲಕ ಹಾಯಗೊಡುವ ಪದಾರ್ಥಕ್ಕೂ ಇದೇ ಶಬ್ದವನ್ನು ಹೇಳುವುದುಂಟು. ಆದರೆ ತೂತುಗಳಿರುವುದು ಬೇರೆ, ಹಾಯಗೊಡುವುದು ಬೇರೆ. ಈ ಎರಡು ಅರ್ಥಗಳು ಒಂದೇ ಶಬ್ದವನ್ನು ಆಶ್ರಯಿಸಿದ ಬಗೆಯನ್ನು ಅರಿಯಬೇಕಾದರೆ ಅದರ ಗ್ರೀಕ್ ಮೂಲವನ್ನು ನೋಡಬೇಕು.

ಗ್ರೀಕ್ ಭಾಷೆಯಲ್ಲಿ ‘ಪೊರೋಸ್’ ಎಂದರೆ ಮೊದಲಿಗೆ ತೂತಲ್ಲ. ಹೊಳೆಯನ್ನು ದಾಟುವ ಎಡೆ, ಹಾದಿ. ‘ಬಾಸ್ಪೊರಸ್’ ಎಂಬ ಜಲಸಂಧಿಯ ಹೆಸರಿಗೆ ‘ಗೋವು ದಾಟಿದ ಎಡೆ’ ಎಂದರ್ಥ. ದಾರಿಗಾಣದ ಸ್ಥಿತಿಗೆ ಗ್ರೀಕ್ ತತ್ತ್ವಜ್ಞರು ‘ಅಪೊರಿಯ’ ಎಂದರು. ಸಂಸ್ಕೃತದ ‘ಪಾರ’ ಶಬ್ದವೂ ಇದೇ ಮೂಲಕುಲಕ್ಕೆ ಸೇರಿದುದೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ.

ಕ್ರಿ. ಪೂ. 5ನೆಯ ಶತಮಾನದಲ್ಲಿ ಸಿಸಿಲಿಯ ಎಂಪೆಡೊಕ್ಲಿಸನು ಈ ಶಬ್ದವನ್ನು ಪದಾರ್ಥಗಳ ಒಳಕ್ಕೆ ತಂದನು. ವಸ್ತುಗಳಿಂದ ಹೊರಸೂಸುವ ಕಣಗಳು ತಮ್ಮ ಅಳತೆಗೆ ಹೊಂದುವ ‘ಪೊರೋಸ್’ಗಳನ್ನು ಮಾತ್ರ ಹೊಗುತ್ತವೆ, ಹೊಂದದವು ಹೊಗಲಾರವು ಎಂಬುದು ಅವನ ಮತ. ಪ್ಲೇಟೋವಿನ ‘ಮೆನೊ’ ಸಂವಾದದಲ್ಲಿ ಇದರ ಪ್ರಸ್ತಾಪವಿದೆ. ಅರಿಸ್ಟಾಟಲನು ಇದನ್ನು ಖಂಡಿಸಿದ್ದಾನೆ. ಇಲ್ಲಿಯೂ ಆ ಶಬ್ದದಲ್ಲಿ ಹಾಯುವಿಕೆಯ ಅರ್ಥವೇ ಪ್ರಧಾನವಾಗಿತ್ತು. ಮುಂದೆ ಲ್ಯಾಟಿನ್, ಫ್ರೆಂಚ್ ಭಾಷೆಗಳ ಮೂಲಕ ಇಂಗ್ಲಿಷನ್ನು ಸೇರುವಷ್ಟರಲ್ಲಿ ಹಾದಿಯೆಂಬ ಅರ್ಥವು ಮಸುಳಿ ತೂತೆಂಬ ಅರ್ಥವೇ ನಿಂತಿತು. ಕಳೆದುಹೋದ ಅರ್ಥವನ್ನು ತುಂಬಲು ಲ್ಯಾಟಿನ್ ಮೂಲದ ‘ಪರ್ಮಿಯಬಲ್’ ಎಂಬ ಮತ್ತೊಂದು ಶಬ್ದವು ಬಳಕೆಗೆ ಬಂದಿತು. ‘ಮೂಲಕ ಹಾದುಹೋಗು’ ಎಂಬುದು ಅದರ ಧಾತ್ವರ್ಥ.

ಈ ಭೇದವು ಕೇವಲ ಶಬ್ದವಿಲಾಸವಲ್ಲ. ಜೇಡಿಮಣ್ಣಿನಲ್ಲಿರುವ ಒಟ್ಟು ತೆರಪು ಅನೇಕ ವೇಳೆ ಮರಳಿನಲ್ಲಿರುವುದಕ್ಕಿಂತ ಹೆಚ್ಚು; ಆದರೂ ಆ ತೆರಪುಗಳು ಅತಿಸೂಕ್ಷ್ಮವಾದುದರಿಂದ ನೀರು ಅದರಲ್ಲಿ ಬಹು ನಿಧಾನವಾಗಿ ಚಲಿಸುತ್ತದೆ. ಕೆರೆಯ ಏರಿಗೆ ಜೇಡಿಯನ್ನು ತುಂಬುವುದು ಇದೇ ಕಾರಣದಿಂದ. ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿಯು ಡಿಝಾನ್ ನಗರದ ನೀರಿನ ವ್ಯವಸ್ಥೆಯನ್ನು ಕುರಿತು 1856ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮರಳಿನ ಮೂಲಕ ಹರಿಯುವ ನೀರಿನ ಪ್ರಮಾಣವನ್ನು ಅಳೆದು, ಹಾಯಗೊಡುವ ಗುಣಕ್ಕೆ ಪ್ರತ್ಯೇಕವಾದ ಒಂದು ಗುಣಾಂಕವನ್ನೇ ಸ್ಥಾಪಿಸಿದನು. ಅಂದಿನಿಂದ ಶಾಸ್ತ್ರದಲ್ಲಿ ಈ ಎರಡು ಗುಣಗಳನ್ನು ಬೇರೆ ಬೇರೆಯಾಗಿ ಅಳೆಯುವ ದಾರಿ ಏರ್ಪಟ್ಟಿತು.

ಸಂಸ್ಕೃತದ ‘ರಂಧ್ರ’ಕ್ಕೆ ತೂತು ಎಂಬುದಲ್ಲದೆ ದೋಷ, ಶತ್ರುವಿನ ದುರ್ಬಲಸ್ಥಾನ ಎಂಬ ಅರ್ಥಗಳೂ ಉಂಟು, ಹಾದಿಯ ಭಾವ ಅದರಲ್ಲಿ ಮುಖ್ಯವಲ್ಲ. ಆದುದರಿಂದ ‘ಸರಂಧ್ರ’ವೊಂದನ್ನೇ ಎರಡಕ್ಕೂ ಹೇಳಿದರೆ, ಜೇಡಿಯು ಸರಂಧ್ರವೆಂದು ಓದಿದ ವಿದ್ಯಾರ್ಥಿಯು ಅದು ನೀರನ್ನು ಸಲೀಸಾಗಿ ಬಿಡುವುದೆಂದು ತಿಳಿಯುವನು. ಜನರ ಕನ್ನಡದಲ್ಲಿ ಈ ಗೊಂದಲವಿಲ್ಲ. ಮಡಕೆಯ ಮೈ ಒಸರುತ್ತದೆ, ಮರಳಿನಲ್ಲಿ ನೀರು ಇಂಗುತ್ತದೆ, ಮಾಡು ಸೋರುತ್ತದೆ. ಈ ಕ್ರಿಯಾಪದಗಳೆಲ್ಲ ತೂತನ್ನು ಎಣಿಸದೆ ನೀರಿನ ಚಲನೆಯನ್ನೇ ಹೇಳುತ್ತವೆ.

‘ಸರಂಧ್ರ’ವನ್ನು ತೆರಪಿನ ಅರ್ಥಕ್ಕೆ ಉಳಿಸಿಕೊಂಡು, ಹಾಯಗೊಡುವ ಗುಣಕ್ಕೆ ‘ಪಾರಗಮ್ಯ’ವೆಂಬ ಶಬ್ದವನ್ನು ನಿಯಮದಿಂದ ಬಳಸುವುದು ಯುಕ್ತ. ಹಾಗೆ ಮಾಡಿದರೆ ಗ್ರೀಕ್ ಶಬ್ದವು ಕಳೆದುಕೊಂಡ ಅರ್ಥವು ಅದರ ದೂರದ ಬಂಧುವಾದ ‘ಪಾರ’ದ ಮೂಲಕವೇ ಕನ್ನಡದಲ್ಲಿ ಮರಳಿ ದೊರೆತಂತಾಗುತ್ತದೆ.