ವಿನಾಯಿತಿಯ ಆಚೆಗಿನ ದಾರಿ: ಹೊನ್ನಾವರ ಸೀಮೆಯ ಪ್ರೌಢಶಾಲೆಗಳು ಮತ್ತು ವಿಶೇಷ ಅಗತ್ಯದ ವಿದ್ಯಾರ್ಥಿಗಳ ವೃತ್ತಿ ಮಾರ್ಗದರ್ಶನ

ವೃತ್ತಿ ಮಾರ್ಗದರ್ಶನವೆಂದರೆ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಯಾವ ಕಾಲೇಜು, ಯಾವ ವಿಭಾಗ ಎಂದು ಹೇಳಿಕೊಡುವ ಕೆಲಸವೆಂಬ ತಿಳಿವಳಿಕೆ ಕರ್ನಾಟಕದ ಪ್ರೌಢಶಾಲೆಗಳಲ್ಲಿ ಬೇರೂರಿದೆ. ಉಳಿದ ಮಕ್ಕಳ ಮಟ್ಟಿಗೆ ಈ ವಿಳಂಬವನ್ನು ಹೇಗೋ ಸಹಿಸಬಹುದಾದರೂ, ದೃಷ್ಟಿದೋಷ, ಶ್ರವಣದೋಷ, ಬೌದ್ಧಿಕ ಅಥವಾ ಕಲಿಕಾ ನ್ಯೂನತೆಯುಳ್ಳ ವಿದ್ಯಾರ್ಥಿಯ ಮುಂದಿನ ದಾರಿ ಪರೀಕ್ಷೆ ಬರೆಯುವುದಕ್ಕೂ ಮೊದಲೇ, ನೋಂದಣಿಯ ಹೊತ್ತಿಗೇ, ಬಹುಮಟ್ಟಿಗೆ ನಿಶ್ಚಯವಾಗಿಬಿಟ್ಟಿರುತ್ತದೆ. ಉತ್ತರ ಕನ್ನಡ ಜಿಲ್ಲೆಯ ಇಡಗುಂಜಿಯ ಸುತ್ತಣ ಹಳ್ಳಿಗಳನ್ನೂ ಅವುಗಳಾಚೆಗಿನ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳನ್ನೂ ಮುಂದಿಟ್ಟುಕೊಂಡು ಈ ಸಂಗತಿಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ರಾಜ್ಯದ ಪರೀಕ್ಷಾ ಮಂಡಳಿಯು ವಿಶೇಷ ಅಗತ್ಯದ ವಿದ್ಯಾರ್ಥಿಗಳಿಗೆ ಹೆಚ್ಚುವರಿ ಸಮಯ, ಉತ್ತರವನ್ನು ಕೇಳಿ ಬರೆದುಕೊಡುವ ಲಿಪಿಕಾರರ ನೆರವು, ಭಾಷಾ ವಿಷಯದಲ್ಲಿ ವಿನಾಯಿತಿ ಮುಂತಾದ ಸೌಲಭ್ಯಗಳನ್ನು ನೀಡುತ್ತದೆ; ಗಣಿತ, ವಿಜ್ಞಾನಗಳ ಬದಲಿಗೆ ಸಮಾಜಶಾಸ್ತ್ರ, ರಾಜ್ಯಶಾಸ್ತ್ರದಂಥ ಪರ್ಯಾಯ ವಿಷಯಗಳನ್ನು ಆರಿಸಿಕೊಳ್ಳಲೂ ಅವಕಾಶವಿದೆ. ಈ ಸೌಲಭ್ಯಗಳು ಒಂದೇ ಜಾತಿಯವಲ್ಲ ಎಂಬುದು ಇಲ್ಲಿನ ಮುಖ್ಯ ಮಾತು. ಸಮಯ ಮತ್ತು ಲಿಪಿಕಾರರ ನೆರವು ಪರೀಕ್ಷೆ ಮುಗಿದೊಡನೆ ತಮ್ಮ ಕೆಲಸ ಮುಗಿಸಿದರೆ, ವಿಷಯ ಬದಲಾವಣೆಯು ಅಂಕಪಟ್ಟಿಯಲ್ಲಿ ಉಳಿದು ಮುಂದಿನ ಪ್ರವೇಶಗಳನ್ನು ನಿಯಂತ್ರಿಸುತ್ತದೆ. ಪಾಲಿಟೆಕ್ನಿಕ್ ಡಿಪ್ಲೊಮಾ ಪ್ರವೇಶಕ್ಕೆ ಹತ್ತನೆಯ ತರಗತಿಯ ಗಣಿತ ಮತ್ತು ವಿಜ್ಞಾನ ಬೇಕು. ಹೊನ್ನಾವರದ ಬಳಿಯ ಕಾಸರಕೋಡಿನ ಮೀನುಗಾರ ಮನೆಯ ಹುಡುಗನೊಬ್ಬ 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಪದವಿಗೆ ಹೋಗಬಯಸಿದರೆ ಪಿಯುಸಿಯಲ್ಲಿ ವಿಜ್ಞಾನ ಓದಿರಲೇಬೇಕು. ಲೆಕ್ಕದಲ್ಲಿ ಮಾತ್ರ ತೊಡಕಿರುವ, ಆದರೆ ಬಲೆ, ಎಂಜಿನ್, ನೀರಿನ ಸೆಳೆತಗಳ ವಿಷಯದಲ್ಲಿ ಚುರುಕಾದ ಆ ಹುಡುಗನನ್ನು ಪಾಸು ಮಾಡಿಸುವ ಸದುದ್ದೇಶದಿಂದಲೇ ಶಾಲೆಯು ಎರಡೂ ವಿಷಯಗಳನ್ನು ಬಿಡಿಸಿದರೆ, ಅವನಿಗೆ ಹತ್ತಿರವಾದ ವಿದ್ಯೆಯ ಬಾಗಿಲೇ ಮುಚ್ಚುತ್ತದೆ. ಶಾಲೆಯ ಫಲಿತಾಂಶದ ಶೇಕಡಾವಾರು ಏರಿಸುವ ಒತ್ತಡವೂ ಇಂಥ ನಿರ್ಧಾರಗಳ ಹಿಂದೆ ಕೆಲಸ ಮಾಡಬಲ್ಲದೆಂಬುದನ್ನು ಮುಚ್ಚಿಡಬೇಕಾಗಿಲ್ಲ.

ಹಾಗಾದರೆ ಸಮಾಲೋಚನೆ, ಅಂದರೆ ವಿದ್ಯಾರ್ಥಿ ಮತ್ತು ಪೋಷಕರೊಂದಿಗೆ ಕುಳಿತು ಶಕ್ತಿ, ಮಿತಿ, ಆಸಕ್ತಿಗಳನ್ನು ಒಟ್ಟಾಗಿ ತೂಗಿ ನೋಡುವ ಕ್ರಮ, ಯಾವಾಗ ನಡೆಯಬೇಕು? ಇದಕ್ಕೆ ಉತ್ತರ ಸರ್ಕಾರಿ ನಿಯಮದಲ್ಲೇ ಇದೆ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯು 21 ಬಗೆಯ ನ್ಯೂನತೆಗಳನ್ನು ಗುರುತಿಸಿ, ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಅವುಗಳಲ್ಲಿ ಸೇರಿಸಿತು. ಅದರ ಪ್ರಮಾಣೀಕರಣಕ್ಕೆ 2018ರಲ್ಲಿ ಹೊರಬಂದ ಮಾರ್ಗಸೂಚಿಯು 8 ವರ್ಷದ ನಂತರವೇ ಪ್ರಮಾಣಪತ್ರ ನೀಡಬೇಕೆಂದೂ 14 ಮತ್ತು 18ನೆಯ ವಯಸ್ಸಿನಲ್ಲಿ ಮರುಪರೀಕ್ಷೆ ಆಗಬೇಕೆಂದೂ ವಿಧಿಸಿತು. ಹದಿನಾಲ್ಕೆಂದರೆ ಎಂಟನೆಯ ಅಥವಾ ಒಂಬತ್ತನೆಯ ತರಗತಿ. ಮರುಪರೀಕ್ಷೆಗೆ ಹೇಗೂ ವೈದ್ಯರು, ಮನಶ್ಶಾಸ್ತ್ರಜ್ಞರು, ಪೋಷಕರು ಒಂದೆಡೆ ಸೇರುವ ಆ ಹೊತ್ತಿನಲ್ಲೇ ವೃತ್ತಿಯ ಮಾತನ್ನೂ ಎತ್ತಿದರೆ, ಪರ್ಯಾಯ ವಿಷಯದ ಅರ್ಜಿಗೆ ಇನ್ನೂ ಒಂದು ವರ್ಷದಷ್ಟಾದರೂ ಕಾಲಾವಕಾಶ ಉಳಿದಿರುತ್ತದೆ.

ಕರಾವಳಿಯಲ್ಲಿ ಈ ತಪಾಸಣೆಗೆ ಇನ್ನೊಂದು ತೊಡಕಿದೆ. ಭಟ್ಕಳದಲ್ಲಿ ನವಾಯತಿ, ಹೊನ್ನಾವರದ ಖಾರ್ವಿ ಮತ್ತು ಕ್ರೈಸ್ತ ಮನೆಗಳಲ್ಲಿ ಕೊಂಕಣಿ, ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಲ್ಲಿ ಅವರದೇ ಕನ್ನಡ, ಹವ್ಯಕರ ಮನೆಗಳಲ್ಲಿ ಇನ್ನೊಂದು ಕನ್ನಡ. ಪಠ್ಯದ ಕನ್ನಡ ಇವರಲ್ಲಿ ಯಾರ ಮನೆಮಾತೂ ಅಲ್ಲ. ಒತ್ತಕ್ಷರ ಬಿಟ್ಟು ಓದುವುದು, ಬರವಣಿಗೆಯಲ್ಲಿ ‘ದ’ಕಾರ ‘ಧ’ಕಾರಗಳನ್ನು ಅದಲುಬದಲು ಮಾಡುವುದು ಕಲಿಕಾ ನ್ಯೂನತೆಯ ಲಕ್ಷಣವೂ ಆಗಬಹುದು, ಮಹಾಪ್ರಾಣವನ್ನು ಉಚ್ಚರಿಸದ ಮನೆಯಿಂದ ಬಂದ ಮಗುವಿನ ಸಹಜ ಬರವಣಿಗೆಯೂ ಆಗಬಹುದು. ಮಗುವನ್ನು ಮನೆಮಾತಿನಲ್ಲಿ ಮಾತಾಡಿಸದೆ ಇವೆರಡನ್ನು ಬೇರ್ಪಡಿಸುವುದು ಸಾಧ್ಯವಿಲ್ಲ; ಆ ಮಾತು ಬಲ್ಲವರು ಊರಿನ ಶಿಕ್ಷಕರೇ ಹೊರತು ಕಾರವಾರದ ಆಸ್ಪತ್ರೆಯ ತಜ್ಞರು ಆಗಿರಲೇಬೇಕೆಂದಿಲ್ಲ.

ವೃತ್ತಿಗಳ ಪಟ್ಟಿಯೂ ಸೀಮೆಗೆ ಒಗ್ಗಬೇಕು. ಇಡಗುಂಜಿಯ ಗಣಪತಿಯ ಹೆಸರು ಹೊತ್ತ ಯಕ್ಷಗಾನ ಮಂಡಳಿಯನ್ನು ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದರು. ಆ ಪರಂಪರೆಯವರೇ ಗುಣವಂತೆಯಲ್ಲಿ ಶ್ರೀಮಯ ಕಲಾಕೇಂದ್ರವನ್ನು ನಡೆಸಿಕೊಂಡು ಬಂದಿದ್ದಾರೆ. ಭಾಗವತಿಕೆ, ಮದ್ದಲೆ, ಚಂಡೆ, ವೇಷಭೂಷಣದ ಕೆಲಸಗಳು ಈ ಭಾಗದಲ್ಲಿ ನಿಜವಾಗಿಯೂ ಜನರು ಸಂಪಾದಿಸುವ ದಾರಿಗಳು. ಕಿವಿಯನ್ನೇ ನೆಚ್ಚಿಕೊಂಡ ದೃಷ್ಟಿದೋಷದ ವಿದ್ಯಾರ್ಥಿಗೆ ಹಿಮ್ಮೇಳವನ್ನು ಒಂದು ಸಾಧ್ಯತೆಯಾಗಿ ತೋರಿಸುವುದು ಸರಿ. ಆದರೆ ದೃಷ್ಟಿದೋಷವೆಂದರೆ ಸಂಗೀತವೇ ಗತಿ ಎಂಬ ಹಳೆಯ ರೂಢಿಗೆ ಅವನನ್ನು ತಳ್ಳುವುದು ಸಮಾಲೋಚನೆಯಲ್ಲ. ಸರ್ಕಾರಿ ಹುದ್ದೆಗಳಲ್ಲಿ ಶೇ. 4, ಉನ್ನತ ಶಿಕ್ಷಣದಲ್ಲಿ ಶೇ. 5 ಮೀಸಲಾತಿಯನ್ನು ಮೇಲಿನ ಕಾಯ್ದೆಯೇ ಶೇ. 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯುಳ್ಳವರಿಗೆ ಕೊಟ್ಟಿರುವಾಗ, ಬ್ಯಾಂಕು, ಬೋಧನೆ, ಕಾನೂನುಗಳ ಮಾಹಿತಿಯೂ ಅದೇ ಮೇಜಿನ ಮೇಲಿರಬೇಕು.

ಈ ಕೆಲಸ ಯಾರದು? ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ, ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಅರ್ಹ ಆಪ್ತಸಮಾಲೋಚಕರನ್ನು ಹೊಂದಬೇಕೆಂದೂ ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಔಪಚಾರಿಕ ಸಂಪರ್ಕ ಇಟ್ಟುಕೊಳ್ಳಬೇಕೆಂದೂ ಸೂಚಿಸಿತು. ಘಟ್ಟದ ಬುಡದ ಚಿಕ್ಕ ಶಾಲೆಗಳಿಗೆ ಅನ್ವಯವಾಗುವುದು ಎರಡನೆಯ ಮಾತು. ಅವುಗಳಿಗೆ ಹತ್ತಿರವಿರುವ ತಜ್ಞರೆಂದರೆ ತಾಲ್ಲೂಕಿನ ಬಿ.ಆರ್.ಸಿ.ಗೆ (ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ) ಸೇರಿದ ಬಿ.ಐ.ಇ.ಆರ್.ಟಿ.ಗಳು, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಶಾಲೆಯಿಂದ ಶಾಲೆಗೆ ತಿರುಗುವ ಸಂಪನ್ಮೂಲ ಶಿಕ್ಷಕರು. ಅವರ ಭೇಟಿಯ ದಾಖಲೆಯಲ್ಲಿ ನ್ಯೂನತೆಯ ಬಗೆ, ಶೇಕಡಾವಾರು, ಸಲಕರಣೆಗಳ ಜೊತೆಗೆ ವಿದ್ಯಾರ್ಥಿಯು ಮುಂದೆ ಏನನ್ನು ಓದಬಯಸುತ್ತಾನೆ, ಅದಕ್ಕೆ ಯಾವ ವಿಷಯವನ್ನು ಬಿಡಬಾರದು ಎಂಬ ಎರಡು ಅಂಕಣಗಳನ್ನು ಎಂಟನೆಯ ತರಗತಿಯಿಂದಲೇ ಸೇರಿಸಿ, ಪರ್ಯಾಯ ವಿಷಯದ ಅರ್ಜಿಗೆ ಮುಖ್ಯೋಪಾಧ್ಯಾಯರು ಸಹಿ ಹಾಕುವ ಮೊದಲು ಆ ಪುಟವನ್ನು ಪೋಷಕರಿಗೆ ಓದಿ ಹೇಳುವುದನ್ನು ಕಡ್ಡಾಯ ಮಾಡಿದರೆ, ಹೊಸ ಹುದ್ದೆಯೊಂದನ್ನೂ ಸೃಷ್ಟಿಸದೆ ಈ ವ್ಯವಸ್ಥೆಯನ್ನು ಆರಂಭಿಸಬಹುದು.